ಕುಕ್ಕರ್ ಓಪನ್ ಗೆದ್ದವರು ಯಾರು?

ನನ್ನ ಗಣಿತದ ಮಾರ್ಕ್ಸ್ ಬಂತು. ಹತ್ತೊಂಬತ್ತು. ಕೆಂಪು ಇಂಕಿನಲ್ಲಿ.

ಯಾರೂ ಗಾಬರಿಯಾಗಬೇಡಿ. ಕೆಂಪು ಎಂದರೆ ಎಲ್ಲರಿಗಿಂತ ಮುಂದಿದ್ದಾರೆ ಎಂದು ಅರ್ಥ. ಇದು ನನ್ನ ಅಭಿಪ್ರಾಯವಲ್ಲ, ಗಾಲ್ಫ್ ಆಟದ ಪದ್ಧತಿ. (ನಮ್ಮ ಗಣಿತದ ಮೇಡಂಗೆ ಗಾಲ್ಫ್ ಗೊತ್ತಿಲ್ಲ. ಅದು ಅವರ ಕೊರತೆ. ನಾನು ಎತ್ತಿ ಆಡುವುದಿಲ್ಲ.)

ಬಸವೇಶ್ವರನಗರದಲ್ಲಿ ಹುಟ್ಟಿ ಬೆಳೆದು, ಸೆಕೆಂಡ್ ಪಿಯುಸಿ ಓದುತ್ತಾ, ಶಟಲ್ ಬ್ಯಾಟನ್ನೇ ಸರಿಯಾಗಿ ಹಿಡಿಯಲು ಬಾರದ ಹುಡುಗಿಗೆ ಗಾಲ್ಫ್ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ದೊಡ್ಡಪ್ಪನಿಂದ ಬಂತು.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ಪುಟ್ಟಸ್ವಾಮಿ. ಹೊಸಹಳ್ಳಿ ಮೆಟ್ರೋ ಸ್ಟೇಷನ್ ಹತ್ತಿರ ಅವರದೊಂದು ಬೋರ್ಡ್ ಬರೆಯುವ ಅಂಗಡಿ ಇದೆ. ಅಂಗಡಿ ಎಷ್ಟು ವಿಶಾಲವೆಂದರೆ, ಒಳಗೆ ಇಬ್ಬರು ನಿಂತರೆ ಒಬ್ಬರು ಉಸಿರು ಎಳೆದುಕೊಂಡಾಗ ಇನ್ನೊಬ್ಬರು ಬಿಡಬೇಕು. ಒಂದು ಕಾಲದಲ್ಲಿ ರಾಜಾಜಿನಗರ ಇಂಡಸ್ಟ್ರಿಯಲ್ ಏರಿಯಾದ ಅರ್ಧ ಗೇಟುಗಳ ಮೇಲೆ ದೊಡ್ಡಪ್ಪನ ಅಕ್ಷರವೇ ಇತ್ತಂತೆ. ಆಮೇಲೆ ಫ್ಲೆಕ್ಸ್ ಬಂತು. ಈಗ 'ಮನೆ ಬಾಡಿಗೆಗೆ ಇದೆ', 'ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ' ಇಷ್ಟೇ ಬರೆಯುತ್ತಾರೆ. ಗಾಡಿ ನಿಲ್ಲಿಸುವವರು ಅದನ್ನು ಓದಿಯೇ ನಿಲ್ಲಿಸುತ್ತಾರೆ.

ಉಳಿದಿರುವ ನಿಜವಾದ ಕೆಲಸ ಒಂದೇ ಒಂದು. ಕೆಂಗೇರಿ ದಾಟಿದ ಮೇಲೆ ಒಂದು ಗಾಲ್ಫ್ ಕ್ಲಬ್ ಇದೆ. ಅಲ್ಲಿ ವರ್ಷಕ್ಕೊಮ್ಮೆ ವೃತ್ತಿಪರ ಆಟಗಾರರ ಟೂರ್ನಮೆಂಟ್ ನಡೆಯುತ್ತದೆ. ಗೆದ್ದವರ ಹೆಸರು ಬರೆಯಲು ಗೋಡೆಯ ಮೇಲೆ ಆಳೆತ್ತರದ ತೇಗದ ಹಲಗೆ. ವರ್ಷಕ್ಕೆ ಒಂದೇ ಸಾಲು. ಆ ಒಂದು ಸಾಲಿಗಾಗಿ ದೊಡ್ಡಪ್ಪ ಹೊಸ ಬ್ರಷ್ ತರುತ್ತಾರೆ, ಶೇವ್ ಮಾಡಿಕೊಳ್ಳುತ್ತಾರೆ, ಹಿಂದಿನ ದಿನವೆಲ್ಲ ಕಾಫಿ ಬಿಡುತ್ತಾರೆ. (ಕೈ ನಡುಗಬಾರದಂತೆ. ನನಗೆ ತಿಳಿದ ಮಟ್ಟಿಗೆ ಅವರ ಮದುವೆಗೂ ಇಷ್ಟು ತಯಾರಿ ನಡೆದಿರಲಿಲ್ಲ.)

ಈ ವರ್ಷ ಟೂರ್ನಮೆಂಟಿಗೆ ಹೊಸ ಸ್ಪಾನ್ಸರ್ ಬಂದರು. ಸೈಟು ಮಾರುವ ಲೇಔಟ್ ಕಂಪನಿ. ಅದರ ಮಾರ್ಕೆಟಿಂಗ್ ಹುಡುಗ ಕಾರ್ತಿಕ್ ಒಂದು ಸಂಜೆ ದೊಡ್ಡಪ್ಪನ ಅಂಗಡಿಗೆ ಬಂದ. ಒಳಗೆ ನಾನಿದ್ದದ್ದರಿಂದ ಮೀಟಿಂಗ್ ಫುಟ್‌ಪಾತಿನಲ್ಲಿ ನಡೆಯಿತು.

"ಅಂಕಲ್, ಈ ಸಲ ಎಲ್ಲಾ ಎಲ್‌ಇಡಿ. ಸ್ಕೋರ್‌ಬೋರ್ಡ್ ಎಲ್‌ಇಡಿ, ವಿನ್ನರ್ಸ್ ಬೋರ್ಡೂ ಎಲ್‌ಇಡಿ. ಆ ಹಲಗೆ ಗೋಡೌನ್‌ಗೆ ಹಾಕ್ಬಿಡ್ತೀವಿ."

ದೊಡ್ಡಪ್ಪ ಟರ್ಪೆಂಟೈನಿನಲ್ಲಿ ಬ್ರಷ್ ತೊಳೆಯುತ್ತಿದ್ದರು. ತೊಳೆಯುತ್ತಲೇ ಇದ್ದರು. ಕಂಪನಿಯಿಂದ ಬಂದ ದಿನವೂ ಆ ಬ್ರಷ್ ಅಷ್ಟು ಶುಭ್ರವಾಗಿರಲಿಲ್ಲ.

ನಾನು ಬಾಯಿ ಹಾಕಿದೆ. "ಸಾರ್, ಆ ಬೋರ್ಡಲ್ಲಿ ಹಿಸ್ಟರಿ ಇದೆ. ಹೆರಿಟೇಜು."

"ಹೆರಿಟೇಜಾ? ಒಳ್ಳೇ ವರ್ಡ್." ಕಾರ್ತಿಕ್ ಅದನ್ನು ಫೋನಿನಲ್ಲಿ ಬರೆದುಕೊಂಡ. "ಸ್ಮರಣ ಸಂಚಿಕೆಗೆ ಟೂರ್ನಮೆಂಟ್ ಹಿಸ್ಟರಿ ಬೇಕಿತ್ತು. ಯಾರು ಬರೀತಾರೆ?"

"ನಾನೇ ಬರೀತೀನಿ. ನಾನು ಅಂಕಣಕಾರ್ತಿ."

ಅವನು ನನ್ನ ಕಾಲೇಜ್ ಯೂನಿಫಾರಂ ನೋಡಿದ. ನಾನು ಅಂಕಣಕಾರ್ತಿಯ ಹಾಗೆ ದೂರಕ್ಕೆ ನೋಡಿದೆ.

"ಸರಿ, ಎರಡು ಪೇಜ್. ಸ್ಟ್ರಾಂಗಾಗಿ ಬಂದ್ರೆ ಹಲಗೆ ಇಟ್ಕೊಳೋಣ, ಇಲ್ಲಾಂದ್ರೆ ಗೋಡೌನ್. ಮತ್ತೆ, ಫಸ್ಟ್ ಇಯರ್ ಗೆದ್ದೋರನ್ನ ಹುಡ್ಕಿಕೊಡು. ಸ್ಟೇಜ್ ಮೇಲೆ ಕರೆಸಿ ಸನ್ಮಾನ ಮಾಡೋಣ."

ದೊಡ್ಡಪ್ಪನ ಹಲಗೆ ನನ್ನ ಎರಡು ಪುಟದ ಮೇಲೆ ನಿಂತಿತು. ನಾನು ಅಂದಿನಿಂದಲೇ ಗಣಿತ ಓದುವುದನ್ನು ನಿಲ್ಲಿಸಿದೆ. (ಹತ್ತೊಂಬತ್ತು ಹೇಗೆ ಬಂತು ಎಂದು ಈಗ ತಿಳಿಯಿತಲ್ಲ? ತ್ಯಾಗ.)

ಹಳೆಯ ಸ್ಮರಣ ಸಂಚಿಕೆಗಳನ್ನೆಲ್ಲ ಕ್ಲಬ್ಬಿನಿಂದ ಹೊತ್ತು ತಂದೆ. ಅವುಗಳ ಪ್ರಕಾರ ಈ ಟೂರ್ನಮೆಂಟ್ ಹುಟ್ಟಿದ್ದು ಕುಕ್ಕರಿನಿಂದ. ರಾಜಾಜಿನಗರದ ಒಂದು ಪ್ರೆಷರ್ ಕುಕ್ಕರ್ ಫ್ಯಾಕ್ಟರಿಯ ಎಂ.ಡಿ.ಗೆ ಯಾರೋ, 'ದೊಡ್ಡ ದೊಡ್ಡವರೆಲ್ಲ ಗಾಲ್ಫ್ ಮೈದಾನದಲ್ಲಿ ನಾಲ್ಕು ಗಂಟೆ ನಡೆಯುತ್ತಾರೆ, ಅಲ್ಲಿ ಬ್ಯಾನರ್ ಕಟ್ಟಿದರೆ ಓದದೆ ವಿಧಿಯಿಲ್ಲ' ಎಂದು ಹೇಳಿದ್ದರು. ಅವರು ಹೂಂ ಅಂದರು. ಟೂರ್ನಮೆಂಟಿನ ಹೆಸರು 'ಕುಕ್ಕರ್ ಓಪನ್'. ಕೇಳಿದ ಹೆಂಗಸರೆಲ್ಲ ಮೊದಲು ಪ್ರೆಷರ್ ಇಳಿದಿದೆಯಾ ಎಂದು ವಿಚಾರಿಸುತ್ತಿದ್ದರಂತೆ.

ಕುಕ್ಕರ್ ಹೋಗಿ ಪಂಪ್‌ಸೆಟ್ ಬಂತು. ಪಂಪ್‌ಸೆಟ್ ಹೋಗಿ ಬನಿಯನ್ ಬಂತು. ಆದರೆ ಗಾಲ್ಫ್ ಆಡುವವರು ಕಾಲರ್ ಇರುವ ಟೀ ಶರ್ಟ್ ಹಾಕಲೇಬೇಕು. ಬನಿಯನ್ ಯಾರಿಗೂ ಕಾಣಿಸಲಿಲ್ಲ. ಕಂಪನಿಯವರು ಎರಡು ವರ್ಷ ಕಾದು ನೋಡಿ ಹೊರಟುಹೋದರು. ಆಮೇಲೆ ಊದುಬತ್ತಿ. ಅವರು ಹದಿನೆಂಟು ಹೋಲ್‌ಗಳ ಹತ್ತಿರವೂ ಕಟ್ಟುಕಟ್ಟು ಊದುಬತ್ತಿ ಹಚ್ಚಿಟ್ಟರು. ಆಟ ನೋಡಲು ಬಂದ ಸುತ್ತಲಿನ ಹಳ್ಳಿಯವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಈಗ ಲೇಔಟ್. ಲೇಔಟಿನ ಹೆಸರು 'ಗಾಲ್ಫ್ ವ್ಯೂ'. ಓವರ್‌ಹೆಡ್ ಟ್ಯಾಂಕಿನ ಮೇಲೆ ಹತ್ತಿದರೆ ಮೈದಾನ ಕಾಣುತ್ತದೆ.

ಪ್ರತಿ ಸಲ ಸ್ಪಾನ್ಸರ್ ಬದಲಾದಾಗಲೂ ದೊಡ್ಡಪ್ಪ ಹಲಗೆಯ ಮೇಲಿನ ಹೆಸರಿಗೆ ಬಣ್ಣ ಹೊಡೆದು ಹೊಸ ಹೆಸರು ಬರೆದಿದ್ದಾರೆ. ಅದರಿಂದ ಏನಾಯಿತು? ರಾತ್ರಿ ಪಂಪ್‌ಸೆಟ್ ಕಪ್ ಗೆದ್ದವನಾಗಿ ಮಲಗಿದ ಮನುಷ್ಯ ಬೆಳಿಗ್ಗೆ ಬನಿಯನ್ ಕಪ್ ಗೆದ್ದವನಾಗಿ ಎದ್ದ. ಅವನನ್ನು ಯಾರೂ ಕೇಳಲಿಲ್ಲ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಊದುಬತ್ತಿಯ ಕೆಳಗೆ ಈಗಲೂ ಕುಕ್ಕರ್ ಕಾಣುತ್ತದೆ.

ಇನ್ನು ಮೊದಲ ವಿಜೇತರು. ಹಲಗೆಯ ಮೊದಲ ಸಾಲಿನಲ್ಲಿದ್ದ ಹೆಸರು ಎನ್. ಬಿಸ್ವಾಸ್, ಕಲ್ಕತ್ತ. ಅವರ ಫೋಟೋ ಎಲ್ಲ ಸಂಚಿಕೆಗಳಲ್ಲೂ ಇತ್ತು. ಮೈಸೂರು ಪೇಟ, ಶಾಲು, ಗುಲಾಬಿ ಹಾರ, ಕೈಯಲ್ಲಿ ಐದು ಲೀಟರಿನ ಕುಕ್ಕರ್. ಮುಖದಲ್ಲಿ ಮಾತ್ರ ಗೆದ್ದ ಕಳೆ ಇರಲಿಲ್ಲ. ತಪ್ಪು ಬಸ್ಸು ಹತ್ತಿದ ಮೇಲೆ ಕಂಡಕ್ಟರ್ ಟಿಕೆಟ್ ಕೇಳಿದಂತೆ ನಿಂತಿದ್ದರು.

ಫೋಟೋ ತಂದು ದೊಡ್ಡಪ್ಪನ ಮುಂದೆ ಹಿಡಿದೆ. "ದೊಡ್ಡಪ್ಪ, ಈ ಬಿಸ್ವಾಸ್ ಅವ್ರು ಈಗ ಎಲ್ಲಿದಾರೆ?"

ದೊಡ್ಡಪ್ಪ 'ಬಾಡಿಗೆಗೆ' ಎಂದು ಬರೆಯುತ್ತಿದ್ದವರು 'ಬಾಡಿ'ಗೆ ನಿಲ್ಲಿಸಿದರು.

"ಅದು ಬಿಸ್ವಾಸ್ ಅಲ್ಲ ಕಣೇ. ಕೆಂಗೇರಿ ಮುನಿರಾಜು."

"ಯಾರದು?"

"ಕ್ಲಬ್ಬಲ್ಲಿ ಬ್ಯಾಗ್ ಹೊರ್ತಾ ಆಟ ಕಲಿತೋನು. ಕಡೇ ಸ್ಥಾನ ಬಂದೋನು."

ಕಥೆ ಹೀಗಿದೆ. ಗಾಲ್ಫಿನಲ್ಲಿ ಕಡಿಮೆ ಹೊಡೆತದಲ್ಲಿ ಆಟ ಮುಗಿಸಿದವನೇ ಗೆಲ್ಲುವುದು. ಇಷ್ಟು ಹೊಡೆತ ಸಾಕು ಎಂದು ಮೊದಲೇ ಒಂದು ಲೆಕ್ಕ ಗೊತ್ತು ಮಾಡಿರುತ್ತಾರೆ. ಅದಕ್ಕಿಂತ ಹನ್ನೊಂದು ಕಡಿಮೆ ಹೊಡೆದರೆ ಸ್ಕೋರ್ ಮೈನಸ್ ಹನ್ನೊಂದು. ಅದನ್ನು ಕೆಂಪಿನಲ್ಲಿ ಬರೆಯಬೇಕು. ಹತ್ತೊಂಬತ್ತು ಜಾಸ್ತಿ ಹೊಡೆದರೆ ಪ್ಲಸ್ ಹತ್ತೊಂಬತ್ತು. ಅದನ್ನು ಕಪ್ಪಿನಲ್ಲಿ. ಮೊದಲ ವರ್ಷ ಸ್ಕೋರ್‌ಬೋರ್ಡ್ ಬರೆದವರೂ ದೊಡ್ಡಪ್ಪನೇ.

"ಕ್ಲಬ್ಬಿನೋರು ಕೊಟ್ಟ ಚೀಟೀಲಿ ಗೆಲ್ತಾ ಇರೋರಿಗೆ ಕೆಂಪು ಅಂತ ಇತ್ತು," ಅಂದರು ದೊಡ್ಡಪ್ಪ. "ಯಾರೋ ಟೈಪ್ ಮಾಡೋವಾಗ ಉಲ್ಟಾ ಮಾಡಿದಾರೆ ಅಂದ್ಕೊಂಡೆ. ನೀನೇ ಹೇಳು. ನಾಲ್ಕು ದಿನ ಬಿಸಿಲಲ್ಲಿ ಆಡಿ ಮುಂದಿರೋನಿಗೆ ಕೆಂಪಲ್ಲಿ ಬರ್ಯೋದಾ? ಫೇಲಾದವನ ಥರ?"

"ಮೈನಸ್ ಇತ್ತಲ್ಲ ದೊಡ್ಡಪ್ಪ? ಅದನ್ನ ನೋಡಿದ್ರೆ ಗೊತ್ತಾಗ್ತಿತ್ತಲ್ಲ?"

"ಗೆಲ್ಲೋನಿಗೆ ಮೈನಸ್ ಹಾಕೋಕೆ ಮನಸ್ಸು ಬರ್ಲಿಲ್ಲ ಕಣೇ. ಪ್ಲಸ್ಸೂ ಬೇಡ, ಮೈನಸ್ಸೂ ಬೇಡ ಅಂತ ಎರಡೂ ಬಿಟ್ಟೆ."

ಅಂದರೆ ದೊಡ್ಡಪ್ಪ ಮರ್ಯಾದೆಯಿಂದ ತಪ್ಪು ಮಾಡಿದ್ದರು. ಬಿಸ್ವಾಸ್ ಕಪ್ಪು ಹನ್ನೊಂದು. ಮುನಿರಾಜು ಕೆಂಪು ಹತ್ತೊಂಬತ್ತು.

ಕೊನೆಯ ದಿನ ಸಂಜೆ ಕುಕ್ಕರ್ ಎಂ.ಡಿ. ಹಾರ ಹಿಡಿದು ಬಂದರು. ಅವರು ಜೀವನದಲ್ಲಿ ಗಾಲ್ಫ್ ನೋಡಿದವರಲ್ಲ. ಕ್ಲಬ್ಬಿನವರು ಕಿವಿಯಲ್ಲಿ ಒಂದೇ ಪಾಠ ಹೇಳಿದ್ದರು: ಯಾರದು ಎಲ್ಲಕ್ಕಿಂತ ದೊಡ್ಡ ಕೆಂಪು ನಂಬರೋ ಅವರೇ ಸಾರ್. ಎಂ.ಡಿ. ಬೋರ್ಡ್ ನೋಡಿದರು. ದೊಡ್ಡ ಕೆಂಪು ನಂಬರು ಹತ್ತೊಂಬತ್ತು. ಮರದ ಕೆಳಗೆ ಮಜ್ಜಿಗೆ ಕುಡಿಯುತ್ತಿದ್ದ ಮುನಿರಾಜು ತಲೆ ಎತ್ತುವುದರೊಳಗೆ ಕುತ್ತಿಗೆಗೆ ಹಾರ, ತಲೆಗೆ ಪೇಟ, ಕೈಗೆ ಕುಕ್ಕರ್. ವಾಲಗದವರು ಶುರು ಮಾಡಿಯೇ ಬಿಟ್ಟರು. ಫೋಟೋಗ್ರಾಫರ್ ರೋಲಿನಲ್ಲಿ ಉಳಿದಿದ್ದ ಒಂದೇ ಫೋಟೋ ಹೊಡೆದ.

"ಯಾರೂ ತಡೀಲಿಲ್ವಾ?"

"ಹಾರ ಹಾಕಾಗಿತ್ತಲ್ಲೇ! ಒಬ್ಬರ ಕುತ್ತಿಗೆಯಿಂದ ತೆಗೆದು ಇನ್ನೊಬ್ಬರಿಗೆ ಹಾಕೋಕಾಗತ್ತಾ? ಇನ್ನೊಂದು ಹಾರಕ್ಕೆ ಕೆಂಗೇರಿ ಪೇಟೆಗೇ ಹೋಗ್ಬೇಕಿತ್ತು."

ಗೆದ್ದ ಬಿಸ್ವಾಸರನ್ನು ಆಫೀಸಿಗೆ ಕರೆದು ಕಪ್ ಕೊಟ್ಟರು. ರೈಲಿಗೆ ಹೊತ್ತಾಗಿತ್ತು, ಅವರು ಹೊರಟುಹೋದರು. ಎಲ್ಲರೂ ಎಂ.ಡಿ.ಗೆ ಗಾಲ್ಫ್ ಗೊತ್ತಿಲ್ಲ ಎಂದು ನಕ್ಕು ಸುಮ್ಮನಾದರು. ಬೋರ್ಡ್ ಉಲ್ಟಾ ಇತ್ತು ಎಂದು ಯಾರೂ ಹೇಳಲಿಲ್ಲ. ದೊಡ್ಡಪ್ಪನೂ ಹೇಳಲಿಲ್ಲ. ಮುಂದಿನ ವರ್ಷದಿಂದ ಚೀಟಿಯಲ್ಲಿದ್ದ ಹಾಗೆ ಬರೆದರು. ಹೊಸ ಸ್ಪಾನ್ಸರುಗಳು ಸಿಕ್ಕಿದ ಒಂದೇ ಫೋಟೋ ಕೆಳಗೆ ಸಿಕ್ಕಿದ ಒಂದೇ ಹೆಸರು ಹಾಕುತ್ತಾ ಬಂದರು.

"ಇದನ್ನ ಬರೀಬೇಡ ಕಣೇ," ಅಂದರು ದೊಡ್ಡಪ್ಪ. "ಅಕ್ಷರ ತಪ್ಪು ಬರೆಯೋನ ಹತ್ರ ಯಾರು ಹಲಗೆ ಬರೆಸ್ತಾರೆ?"

ನಾನು ಜೋಕ್ ಮಾಡದೆ ಫೋಟೋ ಬ್ಯಾಗಿಗೆ ಹಾಕಿಕೊಂಡೆ. (ಇದು ಅಪರೂಪ. ಗುರುತು ಹಾಕಿಕೊಳ್ಳಿ.)

ನನ್ನ ಪ್ಲಾನ್ ಸರಳವಾಗಿತ್ತು. ಮುನಿರಾಜು ಅವರ ಬಾಯಿ ಮುಚ್ಚಿಸಬೇಕು. ಫೋಟೋ ಬಿಸ್ವಾಸರದ್ದಾಗಿಯೇ ಉಳಿಯಬೇಕು. ಶನಿವಾರ ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಕೆಂಗೇರಿಯಲ್ಲಿ ಇಳಿದೆ. ದಾರಿಯುದ್ದಕ್ಕೂ ಗಂಭೀರ ಮುಖದ ಪ್ರಾಕ್ಟೀಸ್ ಮಾಡಿದೆ. ಎದುರಿನ ಸೀಟಿನ ಆಂಟಿ ಹೊಟ್ಟೆನೋವಾ ಎಂದು ಕೇಳಿದರು.

ಮುನಿರಾಜು ಅವರದು ಮೂರಂತಸ್ತಿನ ಮನೆ. ಮೇಲಿನ ಎರಡರಲ್ಲಿ ಬಾಗಲಕೋಟೆ ಕಡೆಯ ಡೆಲಿವರಿ ಹುಡುಗರು ಬಾಡಿಗೆಗಿದ್ದಾರೆ. ಹಾಲಿಗೆ ಕಾಲಿಟ್ಟರೆ ಎದುರಿಗೇ ಆ ಫೋಟೋ, ದೊಡ್ಡದು ಮಾಡಿಸಿ ಫ್ರೇಮ್ ಹಾಕಿದ್ದು.

"ಅದು ನಮ್ಮನೆಯವ್ರು," ಅಂದರು ಅವರ ಹೆಂಡತಿ ಜಯಮ್ಮ, ಪೇಟದ ಮೇಲಿನ ಧೂಳನ್ನು ಸೆರಗಿನಲ್ಲಿ ಒರೆಸುತ್ತಾ. "ಗಾಲ್ಫಲ್ಲಿ."

ಮುನಿರಾಜು ಕೆಮ್ಮಿದರು. "ಬಾಮ್ಮಾ, ಮೇಲೆ ಟೆರೇಸಿಂದ ಮೈದಾನ ಕಾಣತ್ತೆ, ತೋರಿಸ್ತೀನಿ."

ಟೆರೇಸಿನ ಮೇಲೆ ನೀರಿನ ಟ್ಯಾಂಕ್ ಪಕ್ಕ ನಿಂತು ಅವರು ದನಿ ತಗ್ಗಿಸಿದರು. "ನಿಂಗೆ ವಿಷಯ ಗೊತ್ತಾ?"

"ಗೊತ್ತು ಅಂಕಲ್."

"ನಮ್ಮನೇಲಿ ಗೊತ್ತಿಲ್ಲ."

"ಯಾರಿಗೂ ಗೊತ್ತಾಗಲ್ಲ ಅಂಕಲ್. ಅದಕ್ಕೇ ಬಂದೆ. ನೀವು ಸುಮ್ನಿದ್ರೆ ಸಾಕು, ಫೋಟೋ ಕೆಳಗೆ ಬಿಸ್ವಾಸ್ ಅಂತಾನೇ ಹಾಕ್ತೀವಿ."

ಅವರು ಮೈದಾನದ ಕಡೆ ನೋಡಿದರು. ಅದರ ಒಂದು ಮೂಲೆ ಹಿಂದೆ ಅವರದೇ ರಾಗಿ ಹೊಲವಾಗಿತ್ತಂತೆ.

"ಎಷ್ಟ್ ವರ್ಷದಿಂದ ನನ್ನ ಮುಖದ ಕೆಳಗೆ ಅವನ ಹೆಸರು ಹಾಕ್ತಾ ಇದೀರಮ್ಮಾ? ನಂಗೂ ಒಂದು ಹೆಸರಿಲ್ವಾ?" ಅಂದರು. "ಕಡೆಯವ್ನು ಅಂದ್ರೆ ಯಾರಲ್ಲಿ ಕಡೆಯವ್ನು? ಅರ್ಧಕ್ಕರ್ಧ ಜನ ಎರಡನೇ ದಿನಕ್ಕೇ ಔಟಾಗಿ ಮನೆಗೆ ಹೋದ್ರು. ದೊಡ್ಡ ದೊಡ್ಡ ಊರಿಂದ ಬಂದೋರು. ನಾನು ನಾಲ್ಕೂ ದಿನ ಆಡ್ದೆ. ಉಳಿದೋರಲ್ಲಿ ಕಡೆಯವ್ನು. ಕಡೆಯವ್ನು ಅಂತಾನೇ ಬರಿ. ಮುನಿರಾಜು ಅಂತ ಬರಿ."

ಹಿಂದೆ ಲೋಟದ ಸದ್ದಾಯಿತು. ಜಯಮ್ಮ ಕಾಫಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಮುನಿರಾಜು ಅವರ ಮುಖ ಫೋಟೋದಲ್ಲಿದ್ದ ಹಾಗೇ ಆಯಿತು.

"ಏನ್ರೀ ಹಂಗ್ ನೋಡ್ತೀರಾ? ನಂಗೊತ್ತಿಲ್ವಾ? ಗೆದ್ದೋರಿಗೆ ಕಪ್ ಕೊಡ್ತಾರೆ, ಕುಕ್ಕರ್ ಒಂದೇ ಕೊಟ್ಟು ಕಳಿಸ್ತಾರಾ?"

"ಮತ್ತೆ ಫೋಟೋ ಯಾಕೆ ಹಾಲಲ್ಲಿ ಹಾಕ್ದೆ?"

"ಮದ್ವೇಲಿ ಪೇಟ ಇಟ್ಕೊಳಿ ಅಂದ್ರೆ ತಲೆ ಕಡಿಯತ್ತೆ ಅಂದ್ರಿ. ಅದೊಂದ್ರಲ್ಲೇ ನೋಡೋ ಹಂಗಿರೋದು ನೀವು." ನನಗೆ ಲೋಟ ಕೊಟ್ಟರು. "ಕುಕ್ಕರ್ ಇನ್ನೂ ಚೆನ್ನಾಗಿದೆ ಕಣಮ್ಮಾ. ಗ್ಯಾಸ್ಕೆಟ್ ಮಾತ್ರ ಬದಲಾಯಿಸ್ತಾ ಇರ್ತೀನಿ."

ಬಾಯಿ ಮುಚ್ಚಿಸಲು ಹೋದವಳು ಬಾಯಿ ಮುಚ್ಚಿಕೊಂಡು ವಾಪಸ್ ಬಂದೆ. ಮುನಿರಾಜು ಅವರ ಹೆಸರು ಬರೆದರೆ ದೊಡ್ಡಪ್ಪನ ಹಲಗೆ ಹೋಗುತ್ತದೆ. ಬರೆಯದಿದ್ದರೆ ಅವರು ಇನ್ನೂ ಎಷ್ಟು ವರ್ಷ ಬಿಸ್ವಾಸ್ ಆಗಿರಬೇಕೋ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನು ಜವಾಬ್ದಾರಿಯುತವಾಗಿ ನಡೆದುಕೊಂಡೆ. ಎಲ್ಲವನ್ನೂ ದೊಡ್ಡಪ್ಪನ ತಲೆಗೆ ಹಾಕಿದೆ.

ದೊಡ್ಡಪ್ಪ ಕೇಳಿಸಿಕೊಂಡರು. ಅವತ್ತೊಂದು ನಂಬರ್ ಪ್ಲೇಟ್ ಬರೆಯುತ್ತಿದ್ದರು. ಅದನ್ನು ಪೂರ್ತಿ ಬರೆದು, ಊದಿ, ಒಣಗಲು ಇಟ್ಟು ಹೇಳಿದರು.

"ಅವನ ಕುಕ್ಕರ್ ಅಷ್ಟೇ ನೆನಪಿತ್ತು ನಂಗೆ. ಹೆಸರ ವಿಷಯ ಯೋಚ್ನೇನೇ ಮಾಡಿರ್ಲಿಲ್ಲ. ಬರಿ."

"ಹಲಗೆ, ದೊಡ್ಡಪ್ಪ?"

"ಹೆಸರು ಬರೆಯೋ ಕೆಲಸ ಅಲ್ವಾ ಅದು? ಬರಿ. ಬೋರ್ಡ್ ಬರೆದೋನು ಪುಟ್ಟಸ್ವಾಮಿ ಅಂತಾನೂ ಬರಿ."

ಬರೆದು ಕಳಿಸಿದೆ. ಮರುದಿನವೇ ಕಾರ್ತಿಕ್ ಅಂಗಡಿಗೆ ಬಂದ. ನಗುತ್ತಾ ಬಂದ. ಅದಕ್ಕೇ ಭಯವಾಯಿತು.

"ಅಂಕಲ್, ಸೂಪರ್ ಕಂಟೆಂಟ್! ಒಂದು ಐಡಿಯಾ. ಈ ಸಲಾನೂ ಹಂಗೇ ಉಲ್ಟಾ ಬರೀರಿ. ನಾವು ರೀಲ್ ಮಾಡ್ತೀವಿ. ಚೀಫ್ ಗೆಸ್ಟ್ ಕಡೆಯವನಿಗೆ ಹಾರ ಹಾಕ್ಲಿ. ವೈರಲ್!"

"ಗೊತ್ತಿಲ್ದೆ ಬರೆದಿದ್ದು ತಪ್ಪು ಕಣಪ್ಪ," ಅಂದರು ದೊಡ್ಡಪ್ಪ. "ಗೊತ್ತಿದ್ದೂ ಬರೆದ್ರೆ ಕೋತಿ ಆಟ. ಆಗಲ್ಲ."

ಕಾರ್ತಿಕ್ ಮುಖ ಊದಿಸಿಕೊಂಡ. "ನಿಮ್ಮಿಷ್ಟ. ಬಿಸ್ವಾಸೂ ಸಿಗ್ಲಿಲ್ಲ, ಸನ್ಮಾನ ಕ್ಯಾನ್ಸಲ್. ಹಿಸ್ಟರಿ ಪ್ರಿಂಟ್ ಮಾಡ್ತೀವಿ. ಹಲಗೆ ಗೋಡೌನ್‌ಗೆ. ಕಡೇ ದಿನ ಬಂದು ನೀವೇ ಬಿಚ್ಚಿಕೊಟ್ಬಿಡಿ, ನಮ್ಮೋರು ಗೋಡೆ ಹಾಳ್ ಮಾಡ್ತಾರೆ."

ಕಡೇ ದಿನ ದೊಡ್ಡಪ್ಪ ಶೇವ್ ಮಾಡಿಕೊಂಡು, ಬ್ರಷ್ ಬದಲು ಸ್ಕ್ರೂಡ್ರೈವರ್ ಹಿಡಿದು ಬಂದರು. ಕಾಫಿ ಮಾತ್ರ ಎರಡು ಸಲ ಕುಡಿದರು. ಸ್ಟೂಲು ಹಿಡಿಯುವ ಕೆಲಸ ನನ್ನದು. ಹಲಗೆಗೆ ಇದ್ದದ್ದು ನಾಲ್ಕು ಸ್ಕ್ರೂ. ಮೂರು ಬಂದವು. ನಾನು ಕಣ್ಣಿಗೆ ಧೂಳು ಬಿತ್ತು ಎಂದೆ. ಬಿದ್ದಿರಲಿಲ್ಲ.

ಹೊರಗೆ ಶಾಮಿಯಾನದ ಮುಂದಿನ ಸಾಲಿನಲ್ಲಿ ಲೇಔಟ್ ಕಂಪನಿಯ ಓನರ್ ಕೂತಿದ್ದರು. ಬಿಳಿ ಶರ್ಟು, ಬಿಳಿ ಪ್ಯಾಂಟು. ಅಲ್ಲೇ ಹತ್ತಿರದ ಹಳ್ಳಿಯವರು. ಎದುರಿಗೆ ಮನೆಯಷ್ಟು ದೊಡ್ಡ ಎಲ್‌ಇಡಿ. ಮೇಲಿನ ಎಂಟು ಹೆಸರುಗಳ ಪಕ್ಕ ಕೆಂಪು ನಂಬರುಗಳು ಧಗಧಗ ಉರಿಯುತ್ತಿದ್ದವು.

"ಏ ಕಾರ್ತಿಕ್," ಓನರ್ ದನಿ ನಮ್ಮ ಸ್ಟೂಲಿನವರೆಗೂ ಬಂತು. "ಯಾರೋ ಈ ಎಂಟು ಹುಡುಗ್ರು? ಪಾಪ, ಎಲ್ಲಾ ಫೇಲಾ?"

"ಇಲ್ಲ ಸಾರ್, ಅವ್ರೇ ಲೀಡಿಂಗು."

"ಮತ್ಯಾಕೋ ಕೆಂಪಲ್ಲಿ ಹಾಕಿದೀಯ?"

ಮುಂದಿನ ಸಾಲಿನಲ್ಲಿ ಇನ್ನೊಬ್ಬರು, "ನಾನೂ ಹಂಗೇ ಅಂದ್ಕೊಂಡೆ ಕಣ್ರೀ" ಅಂದರು. ಮತ್ತೊಬ್ಬರು, "ನಾನು ಬೆಳಿಗ್ಗೆಯಿಂದ ಆ ಮೇಲಿನ ಹುಡುಗನಿಗೆ ಮರುಗ್ತಾ ಇದೀನಿ" ಅಂದರು. ಇಡೀ ಸಾಲು ಮರುಗುತ್ತಿತ್ತು. ಎರಡನೇ ಸಾಲಿನ ಯಾರೋ ಸಂಚಿಕೆ ತೆರೆದು, "ಇದೇ ಅಲ್ವಾ ಇಲ್ಲಿ ಬರ್ದಿರೋದು?" ಎಂದು ನನ್ನ ಎರಡು ಪುಟ ಮುಂದಕ್ಕೆ ಕೊಟ್ಟರು. ಓನರ್ ಬೆರಳಿಟ್ಟು ಓದಿದರು. ಪೂರ್ತಿ ಓದಿದರು. (ನನ್ನ ಬರಹವನ್ನು ಪೂರ್ತಿ ಓದಿದವರ ಪಟ್ಟಿಯಲ್ಲಿ ಈಗ ಅಮ್ಮನೂ ಸೇರಿ ಇಬ್ಬರಿದ್ದಾರೆ.)

"ಈ ಪುಟ್ಟಸ್ವಾಮಿ ಎಲ್ಲಿ?"

ದೊಡ್ಡಪ್ಪ ಸ್ಟೂಲಿನ ಮೇಲೆ, ಒಂದು ಸ್ಕ್ರೂನಲ್ಲಿ ನೇತಾಡುತ್ತಿದ್ದ ಹಲಗೆಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಓನರ್ ಬಂದು ಕೆಳಗೆ ನಿಂತರು.

"ಯಜಮಾನ್ರೇ, ನಾನು ಹತ್ತನೇ ಕ್ಲಾಸಲ್ಲಿ ಮೂರು ಸಲ ಕೆಂಪಲ್ಲಿ ಬರೆಸ್ಕೊಂಡೋನು. ನೀವು ಬರೆದಿದ್ದೇ ನಂಗೆ ಅರ್ಥ ಆಗಿದ್ದು. ಎಲ್ಲಿಗೆ ತಗೊಂಡ್ ಹೋಗ್ತಾ ಇದೀರಾ ಅದನ್ನ?"

"ಗೋಡೌನ್‌ಗೆ ಸಾರ್."

"ಸ್ಕ್ರೂ ಹಾಕಿ ವಾಪಸ್."

ದೊಡ್ಡಪ್ಪ ಕೈ ಚಾಚಿದರು. ಮೂರು ಸ್ಕ್ರೂ ನನ್ನ ಮುಷ್ಟಿಯಲ್ಲಿ ಬೆವರುತ್ತಿದ್ದವು.

ಮರುದಿನ ದೊಡ್ಡಪ್ಪ ಈ ವರ್ಷದ ಸಾಲು ಬರೆದರು. ಆಮೇಲೆ ಯಾರೂ ಹೇಳದೆ, ಮೊದಲ ಸಾಲಿನ ಕೆಳಗಿದ್ದ ಬೆರಳಗಲದ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದರು: 'ನಾಲ್ಕೂ ದಿನ ಆಡಿದವರಲ್ಲಿ ಕಡೆಯವರು, ಮುನಿರಾಜು, ಕೆಂಗೇರಿ. +೧೯.' ಪ್ಲಸ್ ಹಾಕಿದರು. ಕಪ್ಪಿನಲ್ಲೇ ಬರೆದರು.

ಮುನಿರಾಜು ಬಂದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಮಾತಾಡಿದ್ದು ಜಯಮ್ಮ.

"ಕೆಂಪಲ್ಲಿ ಬರೀಬಾರ್ದಿತ್ತಾ ಅಣ್ಣಾ? ಎದ್ದು ಕಾಣ್ತಿತ್ತು."

ನಿನ್ನೆ ಬೆಳಿಗ್ಗೆ, ಅಪ್ಪ ತಿಂಡಿ ತಿಂದು ಒಳ್ಳೆಯ ಮೂಡಿನಲ್ಲಿದ್ದಾಗ, ಈ ಕಥೆಯನ್ನೆಲ್ಲ ಒಂದಕ್ಷರ ಬಿಡದೆ ಹೇಳಿದೆ. ಕೆಂಪಿನ ಮಹತ್ವವನ್ನು ವಿಶೇಷವಾಗಿ ಒತ್ತಿ ಹೇಳಿದೆ. ಅಪ್ಪ ತುಂಬಾ ನಕ್ಕರು. ಅದೇ ಬಿಸಿಯಲ್ಲಿ ಮಾರ್ಕ್ಸ್ ಕಾರ್ಡ್ ತೆಗೆದು, ಪೆನ್ನಿನ ಸಮೇತ ಮುಂದಿಟ್ಟೆ.

ಅಪ್ಪ ಕೆಂಪು ಹತ್ತೊಂಬತ್ತನ್ನು ನೋಡಿದರು. ನನ್ನ ಖಾಲಿ ಕೈಗಳನ್ನು ನೋಡಿದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಕುಕ್ಕರ್ ಎಲ್ಲಮ್ಮಾ?"